ನೆಟ್‌ವರ್ಕ್ ಸಿಗದ ಶಾಲೆಯಲ್ಲಿ ವಿಡಿಯೊ ಪಾಠ ಮಾಡುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ 26 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈಗ ಪ್ರೊಜೆಕ್ಟರ್ ಬಂದಿದೆ. ನೆಟ್‌ವರ್ಕ್ ಸಿಗಲ್ಲ, ಮಳೆ ಹಿಡಿದರೆ ಕರೆಂಟೂ ಇರಲ್ಲ. ತರಬೇತಿಯಲ್ಲಿ ಎಲ್ಲ ಅರ್ಥವಾಗುತ್ತದೆ, ಶಾಲೆಗೆ ಬಂದರೆ ಕೈಯೇ ಓಡಲ್ಲ. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಾ?
— ಒಬ್ಬ ಶಿಕ್ಷಕಿ

ಉತ್ತರ: ಬೇಕು ಟೀಚರ್. ಆದರೆ ಎಲ್ಲ ಒಟ್ಟಿಗೆ ಬೇಡ.

ಹಾಸನ ಜಿಲ್ಲೆಯ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ಕಂಪ್ಯೂಟರ್, ಆ್ಯಪ್ ಬಳಸಲು ಹೇಳಿಕೊಡುವುದೇ ನನ್ನ ಕೆಲಸ. ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ. ಸಕಲೇಶಪುರದ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರೊಬ್ಬರು ಮೌಸ್ ಹಿಡಿದು ತಡಕಾಡುತ್ತಿದ್ದರು. “ಕೊಡಿ ಸರ್” ಎಂದು ತೆಗೆದುಕೊಂಡು ಎರಡೇ ನಿಮಿಷದಲ್ಲಿ ಮಾಡಿಕೊಟ್ಟೆ. ತಿಂಗಳು ಬಿಟ್ಟು ಹೋದರೆ ಪ್ರೊಜೆಕ್ಟರ್ ಮೇಲೆ ಹೊದಿಸಿದ್ದ ಟವೆಲ್ ಹಾಗೇ ಇತ್ತು. ಆವತ್ತಿನಿಂದ ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ನೀವೂ ತರಬೇತಿಯಲ್ಲಿ ಫೋನ್ ಯಾರ ಕೈಗೂ ಕೊಡಬೇಡಿ. “ನೀವು ಹೇಳಿ, ನಾನೇ ಒತ್ತುತ್ತೇನೆ” ಅನ್ನಿ. ನಾಲ್ಕು ಸಲ ತಪ್ಪಾದರೆ ಆಗಲಿ.

ನೆಟ್‌ವರ್ಕ್‌ಗೆ ದಾರಿ ಇದೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇರುತ್ತದೆ ಅಲ್ವಾ? ಪೇಟೆಗೆ ಹೋಗುವಾಗ ಆ ಪುಸ್ತಕ ಚೀಲದಲ್ಲಿರಲಿ. ನೆಟ್ ಸಿಗುವ ಕಡೆ, ಶಾಲಾ ಪಾಠಗಳಿರುವ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಆಗದಿದ್ದರೆ ಕೋಡ್ ಜೊತೆ ಅಚ್ಚಾಗಿರುವ 6 ಅಕ್ಷರ, ಅಂಕಿಗಳನ್ನು ಟೈಪ್ ಮಾಡಿದರೂ ಸಾಕು. ಮುಂದಿನ ವಾರದ ಒಂದೇ ಒಂದು ಪಾಠ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟ್ ಹೋಯಿತಾ, ಐದೈದು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಫೋನಲ್ಲೇ ತೋರಿಸಿ.

ವಿಡಿಯೊ ಹಾಕಿ ಸುಮ್ನೆ ಕೂರಬೇಡಿ, ಇದು ಮಾತ್ರ ನನ್ನ ಕಳಕಳಿಯ ಮಾತು. ಭಿನ್ನರಾಶಿ ತೆಗೆದುಕೊಳ್ಳಿ. ನಾಲ್ಕಕ್ಕಿಂತ ಎಂಟು ಜಾಸ್ತಿ, ಹಾಗಾಗಿ 1/4ಕ್ಕಿಂತ 1/8 ದೊಡ್ಡದು ಅಂತ ಮಕ್ಕಳು ಹೇಳುತ್ತಾರೆ. ಆ ಜಾಗ ಬಂದಾಗ ವಿಡಿಯೊ ನಿಲ್ಲಿಸಿ. ಹಳೇ ನೋಟ್‌ಬುಕ್ಕಿನ ಹಾಳೆ ಕೊಟ್ಟು ಮಡಚಿಸಿ: ಅರ್ಧ, ಕಾಲು, ಅರೆಕಾಲು. ಮಡಚಿದಷ್ಟೂ ಚಿಕ್ಕದಾಗುವುದು ಅವರ ಬೆರಳಿಗೇ ಗೊತ್ತಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು 26 ವರ್ಷ ಪಾಠ ಮಾಡಿದ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನೊಂದು. ನಿಮ್ಮ ಕಡೆಯ ಮಳೆಗೆ ಪ್ರೊಜೆಕ್ಟರ್ ತೇವ ಹಿಡಿಯುತ್ತದೆ. ನೆಲದ ಮೇಲೆ, ಒದ್ದೆ ಗೋಡೆಗೆ ತಾಗಿಸಿ ಇಡಬೇಡಿ. ಪಾಠ ಇರಲಿ ಬಿಡಲಿ, ಕರೆಂಟ್ ಇದ್ದಾಗ ವಾರಕ್ಕೊಮ್ಮೆ ಆನ್ ಮಾಡಿಡಿ.