ಆರನೇ ಕೆಲಸದ ದಿನ ಎಲ್ಲಿ ಹೋಯಿತು ಮಾಷ್ಟ್ರೇ?

ಪ್ರಿಯ ಮಾಷ್ಟ್ರೇ,

ನೀವು ಕಳುಹಿಸಿದ ‘ಬರಿದಾಗುತ್ತಿರುವ ತೊಟ್ಟಿಲು’ ಲೇಖನ ಎರಡು ಸಲ ಓದಿದೆ. ಮಧ್ಯಮ ಆದಾಯದ ದೇಶಗಳಲ್ಲಿ ಮಕ್ಕಳು ಹುಟ್ಟುವುದು ಕಡಿಮೆಯಾಗುತ್ತಿರುವ ಬಗ್ಗೆ ಎಂಟು ಪುಟ. ವಿಷಯ ಒಳ್ಳೆಯದು. ಅಕ್ಷರ ಚಂದ, ಕಾಗುಣಿತದ ತಪ್ಪಿಲ್ಲ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ಇನ್ನೂ ಜಾಸ್ತಿ ಬಂತು. ಅದಕ್ಕೇ ಈ ಕಾಗದ ಸ್ವಲ್ಪ ಉದ್ದ.

ನಿಮ್ಮ ಮೊದಲ ಸಾಲು: “ಬ್ರೆಜಿಲ್, ಇರಾನ್, ಥಾಯ್ಲೆಂಡ್, ದಕ್ಷಿಣ ಕೊರಿಯಾದಂತಹ ಮಧ್ಯಮ ಆದಾಯದ ದೇಶಗಳಲ್ಲಿ ಜನನ ದರ ಕುಸಿದಿದೆ.” ದಕ್ಷಿಣ ಕೊರಿಯಾ ಶ್ರೀಮಂತ ದೇಶ ಮಾಷ್ಟ್ರೇ. 2023ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಅಂಕಿ 0.72ಕ್ಕೆ ಇಳಿದದ್ದು ನಿಜ. ಓದಿದವರು ಹೌಹಾರಲಿ ಅಂತ ಅದನ್ನು ತಂದು ಸೇರಿಸಿದ್ದೀರಿ, ಅಲ್ವಾ?

ಮೂರನೇ ಸಾಲು: “ಭಾರತದ ಜನನ ದರ 2.0ಕ್ಕೆ ಕುಸಿದು ಜನಸಂಖ್ಯೆ ಇಳಿಯತೊಡಗಿದೆ.” ಒಂದೇ ಸಾಲಿನಲ್ಲಿ ಎರಡು ತಪ್ಪು. ಜನನ ದರ ಅಂದರೆ ವರ್ಷಕ್ಕೆ 1000 ಜನರಿಗೆ ಎಷ್ಟು ಮಕ್ಕಳು ಹುಟ್ಟಿದರು ಎಂಬ ಲೆಕ್ಕ. 2023ರಲ್ಲಿ ಅದು ನಮ್ಮ ದೇಶದಲ್ಲಿ 18.4. ನಿಮ್ಮ 2.0 ಬೇರೆಯೇ ಲೆಕ್ಕ. ಈಗಿನ ರೀತಿಯೇ ಮುಂದುವರಿದರೆ ಒಬ್ಬ ಹೆಂಗಸು ಆಯುಷ್ಯದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದು. ಒಟ್ಟು ಫಲವತ್ತತೆ ದರ ಅನ್ನುತ್ತಾರೆ. ಆ 2.0 ಎಂಬುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ಜನ ಬರಬೇಕಾದರೆ ಇದು 2.1ರ ಹತ್ತಿರ ಇರಬೇಕು.

ಹಾಗಂತ ಜನಸಂಖ್ಯೆ ಇಳಿಯತೊಡಗಿದೆಯಾ? ಇಲ್ಲ. 2023ರಲ್ಲೇ ನಾವು ಚೀನಾವನ್ನು ದಾಟಿದೆವು. ನಿಮ್ಮ ಮನೆಯಲ್ಲಿ ಕಂಗಿನ ತೋಟ ಇದೆ ಅಂತ ಬರೆದಿದ್ದೀರಿ. ಈ ವರ್ಷ ಸಸಿ ನೆಡುವುದು ಕಡಿಮೆ ಮಾಡಿದರೆ ಬರುವ ವರ್ಷವೇ ಅಡಿಕೆ ಕಡಿಮೆ ಆಗುತ್ತದಾ? ಹಿಂದೆ ನೆಟ್ಟದ್ದು ಈಗ ಫಲ ಕೊಡುತ್ತಿದೆ. ದೊಡ್ಡ ಸಂಸಾರಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರಾಗುತ್ತಿದ್ದಾರೆ. ಒಬ್ಬೊಬ್ಬರಿಗೆ ಇಬ್ಬರೇ ಮಕ್ಕಳಾದರೂ ತಾಯಂದಿರ ಸಂಖ್ಯೆಯೇ ದೊಡ್ಡದು. ಇಷ್ಟು ನೀವೇ ಬರೆಯಬಹುದಿತ್ತು, ತೋಟದಲ್ಲಿ ನಿಂತುಕೊಂಡೇ.

ಇನ್ನು ‘ಕುಸಿತ’. ಎಂಟು ಪುಟದಲ್ಲಿ 17 ಸಲ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ನೋಡಿ. ಕುಸಿಯುವುದು ಮಳೆಗಾಲದಲ್ಲಿ ಹೆದ್ದಾರಿ ಬದಿಯ ಗುಡ್ಡ. ಗಂಡ ಹೆಂಡತಿ ಕೂತು ಮಾತಾಡಿ ಎರಡು ಸಾಕು ಅಂದದ್ದಕ್ಕೂ ಅದೇ ಶಬ್ದವಾ?

ನನಗೂ ಇಂಥ ಒಂದು ಶಬ್ದದ ಹುಚ್ಚಿತ್ತು. ಅಚ್ಚಿನ ಮೊಳೆ ಜೋಡಿಸುವ ಕಾಲ ಅದು. ಕಾಸರಗೋಡಿನ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಗೋಡೆ ಗೋಡೆಯಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ನಾವಿಬ್ಬರು ನಮಗಿಬ್ಬರು’. ನಾನು ಉತ್ಸಾಹದಿಂದ ‘ಜನಸಂಖ್ಯಾ ಸ್ಫೋಟ’ ಅಂತ ಬರೆದುಕೊಂಡು ಹೋದೆ. ಸಂಪಾದಕರು ವೀಳ್ಯ ಜಗಿಯುತ್ತಾ ಓದಿದರು. “ನಿಮ್ಮ ಮನೆಯಲ್ಲಿ ಮಕ್ಕಳು ಎಷ್ಟು?” ಅಂತ ಕೇಳಿದರು. ಒಂಬತ್ತು ಅಂದೆ. “ಅದರಲ್ಲಿ ಸ್ಫೋಟ ಆದದ್ದು ಎಷ್ಟನೆಯದು ಮಾರಾಯ್ತಿ?” ಮೊಳೆ ಜೋಡಿಸುವವರೆಲ್ಲ ನಕ್ಕರು. ಒಂದು ವಾರ ಅವರ ಮುಖ ನೋಡಲಿಲ್ಲ ನಾನು. ಆ ಶಬ್ದವನ್ನು ಮತ್ತೆ ಬರೆಯಲೂ ಇಲ್ಲ.

ನಿಜವಾಗಿ ಸಿಟ್ಟು ಬಂದದ್ದು ಐದನೇ ಪುಟಕ್ಕೆ. “ಪಾಶ್ಚಾತ್ಯ ವ್ಯಾಮೋಹಕ್ಕೆ ಒಳಗಾದ ಆಧುನಿಕ ಮಹಿಳೆಗೆ ತಾಯ್ತನ ಹೊರೆಯಾಗಿದೆ.” ಯಾವ ಮಹಿಳೆ? ಒಬ್ಬರನ್ನಾದರೂ ಕೇಳಿದ್ದೀರಾ?

ಇರಾನನ್ನೇ ತೆಗೆದುಕೊಳ್ಳಿ. 1980ರ ಸುಮಾರಿಗೆ ಅಲ್ಲಿ ಒಬ್ಬಾಕೆಗೆ ಆರಕ್ಕಿಂತ ಜಾಸ್ತಿ ಮಕ್ಕಳು. ಕ್ರಾಂತಿಯ ನಂತರದ ಸರಕಾರವೇ 1989ರಲ್ಲಿ ಕುಟುಂಬ ಯೋಜನೆಯನ್ನು ಮತ್ತೆ ಶುರು ಮಾಡಿತು. ಹಳ್ಳಿಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಗರ್ಭ ತಡೆಯುವ ಮಾತ್ರೆ ಸಿಕ್ಕಿತು, ಹುಡುಗಿಯರು ಶಾಲೆಗೆ ಹೋದರು. ಇಪ್ಪತ್ತು ವರ್ಷದೊಳಗೆ ಆರು ಹೋಗಿ ಎರಡರ ಹತ್ತಿರ ಬಂತು. ಪಾಶ್ಚಾತ್ಯ ವ್ಯಾಮೋಹ ಅಂತ ಅವರ ಬಗ್ಗೆ ಹೇಳುತ್ತೀರಾ? ಈಗ ಅದೇ ಸರಕಾರ ಹೆರಿ ಹೆರಿ ಅನ್ನುತ್ತಿದೆ. 2021ರಲ್ಲಿ ಕಾನೂನೂ ಮಾಡಿತು. ಬ್ರೆಜಿಲಿನಲ್ಲಿ ಮಕ್ಕಳು ಕಡಿಮೆ ಸಾಕು ಅನ್ನುವ ದೊಡ್ಡ ಸರಕಾರಿ ಯೋಜನೆಯೇ ಇರಲಿಲ್ಲ. ಅಲ್ಲಿ ಟಿವಿ ಧಾರಾವಾಹಿ ತಲುಪಿದ ಊರುಗಳಲ್ಲಿ ಹೆರಿಗೆ ಕಡಿಮೆಯಾದದ್ದನ್ನು ಸಂಶೋಧಕರು ತೋರಿಸಿದ್ದಾರೆ. ಧಾರಾವಾಹಿಯ ನಾಯಕಿಯರಿಗೆ ಮಕ್ಕಳು ಒಂದೋ ಎರಡೋ, ಇಲ್ಲವೇ ಇಲ್ಲ. ಇದನ್ನು ಬಿಟ್ಟು ನೀವು ಉಪದೇಶ ಬರೆದಿದ್ದೀರಿ!

ಅಷ್ಟು ದೂರ ಯಾಕೆ? ನಮ್ಮ ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಆ ದಶಕ ಮುಗಿಯುವುದರೊಳಗೆ ಕೇರಳ 2.1ಕ್ಕೆ ಬಂದಿತ್ತು. ನನ್ನ ಅಮ್ಮ ಒಂಬತ್ತು ಹೆತ್ತಳು. ಬೇಕಾ ಬೇಡವಾ ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ನನಗೆ ಒಬ್ಬಳೇ ಮಗಳು. ಆಗ ಬಾಡಿಗೆ ಮನೆ, ರಾತ್ರಿ ಕೆಲಸ, ಮಗುವನ್ನು ನೋಡಿಕೊಳ್ಳಲು ಜನ ಇಲ್ಲ. ನಿಮ್ಮ ‘ಆಧುನಿಕ ಮಹಿಳೆ’ಯ ಸಾಲಿಗೆ ಅಮ್ಮನೂ ಹೊಂದುವುದಿಲ್ಲ, ನಾನೂ ಹೊಂದುವುದಿಲ್ಲ.

ಹತ್ತು ಹದಿನೈದು ದೇಶ ಸುತ್ತಿಸಿದ್ದೀರಿ. ನಿಮ್ಮ ಶಾಲೆ ಮಾತ್ರ ಎಲ್ಲೂ ಇಲ್ಲ. ಲೇಖನದ ಜೊತೆಗಿನ ಕಾಗದದಲ್ಲಿ ಕೊನೆಗೆ ಒಂದು ಸಾಲು ಬರೆದಿದ್ದೀರಿ: “ಮೇ ತಿಂಗಳಿಡೀ ಒಂದನೇ ಕ್ಲಾಸಿಗೆ ಮಕ್ಕಳನ್ನು ಹುಡುಕಿ ಮನೆಮನೆ ತಿರುಗಿದೆ, ತಡವಾದದ್ದಕ್ಕೆ ಕ್ಷಮಿಸಿ.” ಎಂಟು ಪುಟಕ್ಕಿಂತ ಆ ಒಂದು ಸಾಲು ಮೇಲು. ನಮ್ಮ ಕೇರಳದ ಶಾಲೆಗಳಲ್ಲಿ ಜೂನಿನ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಅದರ ಮೇಲೆ ಕ್ಲಾಸಿನ ಡಿವಿಷನ್ (ವಿಭಾಗ) ಉಳಿಯುತ್ತದೋ ಹೋಗುತ್ತದೋ ತೀರ್ಮಾನ. ಆ ಬೆಳಿಗ್ಗೆ ನಿಮ್ಮ ಕನ್ನಡ ಶಾಲೆಯ ಸ್ಟಾಫ್ ರೂಮಿನಲ್ಲಿ ಏನು ಮಾತಾಡುತ್ತೀರಿ? ಮತ್ತೊಂದು, ಬೆಂಚು ಖಾಲಿ ಇದ್ದರೆ ಮಕ್ಕಳು ಹುಟ್ಟಿಲ್ಲ ಅಂತಲೇ ಅರ್ಥವಾ, ಇಲ್ಲ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿದ್ದಾರಾ? ಎರಡನ್ನೂ ಕಲಸಬೇಡಿ. ಅಂಗನವಾಡಿ ಟೀಚರ ಬಳಿ ಹೋಗಿ ಹತ್ತು ವರ್ಷದ ರಿಜಿಸ್ಟರು ನೋಡಿ. ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಲೇಖನ ವಾಪಸು ಕಳುಹಿಸುತ್ತಿದ್ದೇನೆ. ನಾಲ್ಕು ಪುಟ ಸಾಕು. ಆರನೇ ಕೆಲಸದ ದಿನದಿಂದ ಶುರು ಮಾಡಿ. ಇರಾನ್ ಇರಲಿ, ಬ್ರೆಜಿಲ್ ಇರಲಿ. ದಕ್ಷಿಣ ಕೊರಿಯಾ ಬೇಡ.