ನನಗೆ 57 ವರ್ಷ. ಅಮ್ಮನಿಗೆ ಸ್ಟ್ರೋಕ್ ಆಗಿದೆ. ಮೂರು ತಿಂಗಳ ರಜೆ ಮುಗಿದ ಮೇಲೆ ಕೆಲಸ ಬಿಡಬೇಕಾ?

ಬಿಡಬೇಡಿ. ನಾನು ಬಿಟ್ಟವಳು, ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ.

"ಅಮ್ಮ ನನ್ನ ಕೈಯಿಂದ ಬಿಟ್ಟರೆ ಬೇರೆ ಯಾರ ಕೈಯಿಂದಲೂ ಊಟ ಮಾಡುವುದಿಲ್ಲ" ಅಂತ ಬರೆದಿದ್ದೀರಿ. ರಾಜೀನಾಮೆ ಪತ್ರ ಕೊಡುವಾಗ ನಾನು ಮ್ಯಾನೇಜರ್ ಎದುರು ಹೇಳಿದ್ದೂ ಇದೇ ಮಾತು, ಅಪ್ಪನ ಬಗ್ಗೆ.

ಆಗ ನನಗೆ 55, ಅಪ್ಪನಿಗೆ 81. ಒಂದು ಬೆಳಿಗ್ಗೆ ಎದ್ದಾಗ ಅವರ ಎಡಗೈ, ಎಡಗಾಲು ಸ್ವಾಧೀನದಲ್ಲಿ ಇರಲಿಲ್ಲ. ಎರಡು ವಾರ ಆಸ್ಪತ್ರೆ, ಆಮೇಲೆ ಮನೆ. ನನ್ನ ಹತ್ತಿರ ಕೂಡಿಟ್ಟ ರಜೆ 90 ದಿನ ಇತ್ತು. ಅಷ್ಟನ್ನೂ ಹಾಕಿದೆ. ತಮ್ಮ ಇದ್ದ, ಅವನಿಗೂ ರಜೆ ಇತ್ತು. ನೀನು ಯಾಕೆ ಹಾಕಬಾರದು ಅಂತ ಅವನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಜಗತ್ತಿನಲ್ಲಿ ಸಂಬಳ ಇಲ್ಲದ ಆರೈಕೆ ಕೆಲಸದ ಮುಕ್ಕಾಲು ಭಾಗ ಹೆಂಗಸರೇ ಮಾಡುತ್ತಾರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಲೆಕ್ಕ ಕೊಟ್ಟಿತ್ತು. ನಮ್ಮ ಮನೆಯಲ್ಲಿ ಮುಕ್ಕಾಲಲ್ಲ, ಪೂರ್ತಿ.

ನನ್ನ ತಪ್ಪು ನಡೆದದ್ದು ಆ 90 ದಿನಗಳಲ್ಲಿ. ರಾಜೀನಾಮೆ ಆಮೇಲಿನ ಮಾತು.

ಆ ರಜೆಯನ್ನೆಲ್ಲ ನಾನೇ ಆರೈಕೆ ಮಾಡುವುದಕ್ಕೆ ಖರ್ಚು ಮಾಡಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನಾನು. ಅಲಾರಾಂ ಇಟ್ಟು ರಾತ್ರಿ ಏಳುವುದು ನಾನು. ನೀರು ನೆತ್ತಿಗೆ ಹತ್ತದ ಹಾಗೆ ಪುಡಿ ಹಾಕಿ ಗಟ್ಟಿ ಮಾಡಿ ಕುಡಿಸುವುದು, ಊಟ ಆದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಿಸುವುದು, ಎಲ್ಲಾ ನಾನೇ. ತಮ್ಮ ಚಮಚ ಹಿಡಿದು ಬಂದರೆ ಅಪ್ಪ ಬಾಯಿ ತೆಗೆಯುತ್ತಿರಲಿಲ್ಲ, ಅವನ ಕಡೆ ತಿರುಗುತ್ತಲೂ ಇರಲಿಲ್ಲ. "ಬಿಡು, ನಿನಗೆ ಗೊತ್ತಾಗಲ್ಲ" ಅಂತ ಚಮಚ ಕಿತ್ತುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಒಳಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು. ಅಪ್ಪನಿಗೆ ನನ್ನ ಕೈಯೇ ಬೇಕು, ಅಲ್ವಾ?

ಆಫೀಸಿನಲ್ಲಿ ನನ್ನದು ಲೆಕ್ಕಪತ್ರ ವಿಭಾಗ. ಒಂದು ವಾರ ರಜೆ ಹಾಕಿದರೂ ಯಾವ ಫೈಲು ಎಲ್ಲಿದೆ, ಯಾವ ಬಿಲ್ಲು ಯಾವತ್ತು ಅಂತ ಎರಡು ಪುಟ ಬರೆದಿಟ್ಟು ಹೋಗುತ್ತಿದ್ದೆ. ಮನೆಯಲ್ಲಿ 90 ದಿನದಲ್ಲಿ ಒಂದು ಸಾಲೂ ಬರೆಯಲಿಲ್ಲ. ಆರೈಕೆಗೆ ಜನ ನೋಡಲಿಲ್ಲ. ಅರ್ಧ ದಿನದ ಕೆಲಸ ಸಿಗುತ್ತದಾ ಅಂತ ಆಫೀಸಿನಲ್ಲಿ ವಿಚಾರಿಸಲಿಲ್ಲ. 91ನೇ ದಿನ ಎಲ್ಲಾ ತಾನಾಗೇ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆ ದಿನ ಬಂತು, ಕೆಲಸಕ್ಕೆ ಹೋದೆ, ಮಧ್ಯಾಹ್ನ ಫೋನ್ ಬಂತು: ಅಪ್ಪ ಏನೂ ತಿಂದಿಲ್ಲ. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೇ ದಿನ ಪತ್ರ ಕೊಟ್ಟೆ.

ಎಂಟು ತಿಂಗಳಾದ ಮೇಲೆ ಫಿಸಿಯೋಥೆರಪಿಯವರು ಒಬ್ಬರು ಮನೆಗೆ ಬಂದರು. ಅಪ್ಪನ ತಟ್ಟೆ ನೋಡಿದರು. ಬಲಗಡೆ ಖಾಲಿ, ಎಡಗಡೆ ಅರ್ಧ ಹಾಗೇ ಇತ್ತು. ಹಸಿವು ಕಡಿಮೆ ಇರಬೇಕು ಅಂತ ನಾನು ಸುಮ್ಮನಿದ್ದೆ. ಅವರು ತಟ್ಟೆಯನ್ನು ಸುಮ್ನೆ ಅರ್ಧ ಸುತ್ತು ತಿರುಗಿಸಿದರು. ಅಪ್ಪ ಉಳಿದದ್ದನ್ನೂ ತಿಂದರು.

ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಹೀಗಾಗುತ್ತದಂತೆ. ಕಣ್ಣು ಸರಿಯಾಗೇ ಇರುತ್ತದೆ, ಆದರೆ ಮಿದುಳು ಎಡಗಡೆಯನ್ನು ಗಮನಕ್ಕೇ ತಗೊಳ್ಳುವುದಿಲ್ಲ. ನಾನು ಯಾವಾಗಲೂ ಮಂಚದ ಮೇಲೆ, ಗೋಡೆ ಕಡೆ, ಅಪ್ಪನ ಬಲಕ್ಕೆ ಕೂರುತ್ತಿದ್ದೆ. ಉಳಿದವರೆಲ್ಲ ಕುರ್ಚಿ ಎಳೆದುಕೊಂಡು ಎಡಕ್ಕೆ ಕೂರುತ್ತಿದ್ದರು. ಅವರ ಚಮಚ ಅಪ್ಪನಿಗೆ ಕಂಡೇ ಇರಲಿಲ್ಲ. ಆ ಸಂಜೆ ತಮ್ಮ ಬಲಗಡೆ ಕೂತು ಪೂರ್ತಿ ಊಟ ಮಾಡಿಸಿದ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ನಿಮ್ಮಮ್ಮನದೂ ಇದೇ ಅಂತ ಹೇಳುತ್ತಿಲ್ಲ. ಆದರೆ "ನನ್ನ ಕೈಯೇ ಬೇಕು" ಅನ್ನುವುದಕ್ಕೆ ಏನೋ ಒಂದು ಕಾರಣ ಇರುತ್ತದೆ. ಕೂರುವ ಜಾಗ, ಚಮಚದ ಅಳತೆ, ಹೊತ್ತು, ದನಿ. ಅದನ್ನು ಹುಡುಕಿ. ಹುಡುಕಿದರೆ ಇನ್ನೊಬ್ಬರಿಗೆ ಕಲಿಸಬಹುದು.

ಅಪ್ಪ ಆಮೇಲೆ ಆರು ವರ್ಷ ಇದ್ದರು. ಅವರು ಇದ್ದದ್ದು ನನ್ನ ಭಾಗ್ಯ. ಆದರೆ ನಾನು ಕೆಲಸ ಬಿಟ್ಟದ್ದು ಆರು ತಿಂಗಳ ಲೆಕ್ಕ ಹಾಕಿಕೊಂಡು. ಹೆರಿಗೆ ರಜೆಗೆ ಮುಗಿಯುವ ದಿನ ಅಂತ ಒಂದಿರುತ್ತದೆ, ಇದಕ್ಕೆ ಇರುವುದಿಲ್ಲ. ಸಂಬಳ ಎಲ್ಲಕ್ಕಿಂತ ಜಾಸ್ತಿ ಇರುವುದು ಕೊನೆಯ ವರ್ಷಗಳಲ್ಲಿ, ಪಿಂಚಣಿಯ ಲೆಕ್ಕ ನಿಂತಿದ್ದೂ ಅದರ ಮೇಲೇ. ಅದು ಹೋಯಿತು. ನಂತರ ಹದಿನಾಲ್ಕು ಕಡೆ ಅರ್ಜಿ ಹಾಕಿದೆ. ಎರಡು ಕಡೆ ಕರೆದರು, ವಯಸ್ಸು ಕೇಳಿ ಸುಮ್ಮನಾದರು.

ಜಪಾನಿನಲ್ಲಿ ಮನೆಯವರ ಆರೈಕೆಗೆ ಅಂತ ಕಾನೂನೇ ಒಬ್ಬೊಬ್ಬರಿಗೆ 93 ದಿನ ರಜೆ ಕೊಡುತ್ತದೆ, ಮೂರು ಸಲ ಒಡೆದು ತಗೊಳ್ಳಬಹುದು. 93 ದಿನ ಯಾವ ಮೂಲೆಗೆ ಸಾಲುತ್ತದೆ ಅಂತ ನನಗೆ ಮೊದಲು ಅನ್ನಿಸಿತ್ತು. ಆಮೇಲೆ ಓದಿದಾಗ ತಿಳಿಯಿತು, ಆ ರಜೆ ಇರುವುದು ಕೂತು ಆರೈಕೆ ಮಾಡುವುದಕ್ಕಲ್ಲ, ಕೆಲಸವನ್ನೂ ಆರೈಕೆಯನ್ನೂ ಒಟ್ಟಿಗೆ ನಡೆಸುವ ಏರ್ಪಾಡು ಮಾಡಿಕೊಳ್ಳುವುದಕ್ಕೆ. ಇದನ್ನು ಯಾರಾದರೂ ಮೊದಲ ದಿನವೇ ನನಗೆ ಹೇಳಿದ್ದರೆ!

ಹಾಗಾಗಿ ಬಿಡಬೇಕಾ ಬೇಡವಾ ಅನ್ನುವ ಪ್ರಶ್ನೆಯನ್ನು ಪಕ್ಕಕ್ಕೆ ಇಡಿ. ನಿಮಗೆ ಇನ್ನೂ ಏಳು ವಾರ ರಜೆ ಇದೆ. ನಾಳೆಯೇ ಒಂದು ನೋಟ್‌ಬುಕ್ ತಗೊಳ್ಳಿ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮ್ಮ ಕೈ ಮಾಡುವ ಪ್ರತಿ ಕೆಲಸ ಬರೆಯಿರಿ, ಎಡ ಬಲ ಸಮೇತ. ಉಳಿದ ರಜೆಯನ್ನು ಒಂದೇ ಸಲ ಮುಗಿಸಬೇಡಿ. ಈಗಲೇ ಅರ್ಧ ದಿನ ಕೆಲಸಕ್ಕೆ ಹೋಗುವ ಹಾಗೆ ಕೇಳಿ ನೋಡಿ. ಮನೆಯಲ್ಲಿ ಏನು ಕೆಟ್ಟರೂ ಸರಿ ಮಾಡಲು ರಜೆ ಉಳಿದಿರಬೇಕು.

ನಿಮ್ಮ ತಂಗಿ ಶನಿವಾರ ಬಂದು ಎರಡು ಗಂಟೆ ಕೂತು ಹೋಗುತ್ತಾರೆ ಅಂದಿರಲ್ಲ. ಈ ಶನಿವಾರ ಪಕ್ಕದಲ್ಲೇ ನಿಂತು ಅವರ ಕೈಯಿಂದ ಊಟ ಮಾಡಿಸಿ. ಮುಂದಿನ ಶನಿವಾರವೂ ನಿಲ್ಲಿ. ಅದರ ಮುಂದಿನ ಶನಿವಾರ ಆ ಎರಡು ಗಂಟೆ ಮನೆಯಲ್ಲಿ ಇರಬೇಡಿ.