ಟ್ರೌಟ್ ಮೀನು ಕಾಣುತ್ತೆ, ಗಾಳ ಹಾಕಿದ್ರೆ ಓಡಿಹೋಗುತ್ತೆ ಅಂದವರಿಗೆ

ತಿಳಿನೀರಲ್ಲಿ ಮೀನು ನಿಮಗೆ ಕಾಣ್ತಿದೆ ಅಂದ್ರೆ ಅದಕ್ಕೂ ನೀವು ಕಾಣ್ತಿರೋ ಸಾಧ್ಯತೆ ಹೆಚ್ಚು. ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತೆ. ಹಾಗಾಗಿ ಹೊಳೆ ಹರಿದು ಹೋಗೋ ಕಡೆಯಿಂದ, ಅದರ ಬೆನ್ನ ಹಿಂದಿನಿಂದ ಬಗ್ಗಿಕೊಂಡು ಹೋಗಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ದಡದಲ್ಲಿ ಧಡಧಡ ಹೆಜ್ಜೆ ಹಾಕಿದ್ರೂ ಅದಕ್ಕೆ ಗೊತ್ತಾಗುತ್ತೆ.

ಗಾಳವನ್ನ ಮೀನಿನ ತಲೆ ಮೇಲೇ ಎಸೀಬೇಡಿ. ಒಂದೆರಡು ಮೀಟರ್ ಮುಂದಕ್ಕೆ ಎಸೆದು ಬಿಡಿ, ಹರಿವೇ ಅದನ್ನ ತಂದುಕೊಡಲಿ. ನೀವು ಕಟ್ಟಿರೋದು ಕೃತಕ ನೊಣ (ನೊಣದ ಹಾಗೆ ಕಾಣೋ ಗಾಳ) ಆದ್ರೆ ದಾರ ಬಿಗಿಯಾಗದ ಹಾಗೆ ನೋಡ್ಕೊಳ್ಳಿ. ಬಿಗಿಯಾದ್ರೆ ನೊಣ ಅಡ್ಡಡ್ಡ ಎಳೆದು ನೀರಿನ ಮೇಲೆ ಸಣ್ಣ ಗೆರೆ ಮೂಡುತ್ತೆ, ಅಷ್ಟಕ್ಕೇ ಟ್ರೌಟ್ ಅನುಮಾನ ಪಡುತ್ತೆ.

ಮೀನನ್ನ ಹಿಡಿದು ಮತ್ತೆ ನೀರಿಗೆ ಬಿಡೋದಾದ್ರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ದಯವಿಟ್ಟು ಗಾಳ ಹಾಕಲೇಬೇಡಿ, ಬಿಟ್ಟ ಮೀನೂ ಬದುಕೋದು ಕಷ್ಟ.